ಓದದೆ ಬಿಟ್ಟ ಎರಡು ಹಾಳೆ

ಹೋದ ತಿಂಗಳು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ತೆರಕಣಾಂಬಿ ಇನ್ನೂ ಒಂದೆರಡು ಮೈಲಿ ಇರುವಾಗಲೇ ಅರಿಸಿನ ಬೇಯಿಸುವ ವಾಸನೆ ಕಿಟಕಿಯಿಂದ ಒಳಗೆ ಬಂತು. ಹೊಲದ ಅಂಚಿನಲ್ಲಿ ಕೊಪ್ಪರಿಗೆ ಇಟ್ಟು, ಕೆಳಗೆ ಸೋಗೆ ಉರಿಸಿ, ಮೇಲೆ ಗೋಣಿತಾಟು ಮುಚ್ಚಿ ಬೇಯಿಸುತ್ತಿದ್ದರು. ಪಕ್ಕದ ಸೀಟಿನ ಹೆಂಗಸು ಕಣ್ಣು ಮುಚ್ಚಿ ಮೂಗಿನ ತುಂಬ ಎಳೆದುಕೊಂಡರು. ನಾನು ಕಿಟಕಿಯ ಗಾಜು ಸರಿಸಿ ಮುಚ್ಚಿಬಿಟ್ಟೆ. "ಯಾಕಣ್ಣ, ಸೆಕೆ ಆಯ್ತದಲ್ಲ" ಅಂದರು. ಧೂಳು ಬರುತ್ತೆ ಅಂದೆ. ಆ ಸೀಮೆಯಲ್ಲಿ ನಾನು ಸುಳ್ಳು ಹೇಳುವುದು ಹೊಸದೇನಲ್ಲ.

ಆ ವಾಸನೆ ಬಂದರೆ ನನಗೆ ತೊಂಬತ್ತೇಳನೇ ಇಸವಿಯ ಸಂಕ್ರಾಂತಿಯಿಂದ ಯುಗಾದಿವರೆಗಿನ ದಿನಗಳು ನೆನಪಾಗುತ್ತವೆ. ಇಪ್ಪತ್ತೈದು ವರ್ಷ ಒಂದು ಎಸ್ಟೇಟಿನ ವರ್ಕ್‌ಶಾಪ್ ನೋಡಿಕೊಂಡು, ಮಗಳ ಮದುವೆ ಮಾಡಿ, ಈಗ ಚಾಮರಾಜನಗರದಲ್ಲಿ ಮನೆ ಕಟ್ಟಿಕೊಂಡಿದ್ದೇನೆ. ಬೀದಿಯಲ್ಲಿ ನಾಲ್ಕು ಜನ ನಮಸ್ಕಾರ ಹೇಳುತ್ತಾರೆ. ಈ ಮರ್ಯಾದೆಗೆಲ್ಲ ತಳಪಾಯ ಬಿದ್ದದ್ದು ಆ ಮೂರು ತಿಂಗಳಲ್ಲಿ. ಎಂಥ ತಳಪಾಯ ಅನ್ನುವುದನ್ನು ಹೆಂಡತಿಗೂ ಹೇಳಿಲ್ಲ.

ಆಗ ನನಗೆ ಇಪ್ಪತ್ನಾಲ್ಕು. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಪುಟ್ಟಮಾದಪ್ಪ ಮೇಸ್ತ್ರಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಗ್ಯಾರೇಜು ಅಂದರೆ ಒಂದು ತಗಡಿನ ಚಾವಣಿ, ಮುಂದೆ ಹುಣಸೆಮರ, ಎಂಜಿನ್ ಎತ್ತಲು ಅದರ ಕೊಂಬೆಗೆ ಕಟ್ಟಿದ ಚೈನ್ ಪುಲ್ಲಿ. ಗಾಡಿಯ ಕೆಳಗೆ ನಿಂತು ಕೆಲಸ ಮಾಡಲು ಗುಂಡಿ ತೋಡಿಸುವಷ್ಟು ಜಾಗ ಅಲ್ಲಿರಲಿಲ್ಲ. ಲಾರಿ ಕೆಳಗೆ ಗೋಣಿಚೀಲ ಹಾಸಿ ಅಂಗಾತ ಮಲಗಿಯೇ ಕೆಲಸ. ಮೇಸ್ತ್ರಿಗೆ ಐವತ್ತು ದಾಟಿತ್ತು. ಮೂವತ್ತು ವರ್ಷ ಹಾಗೆ ಮಲಗಿ ಎದ್ದು ಬೆನ್ನು ಮಾತು ಕೇಳುತ್ತಿರಲಿಲ್ಲ. ಲಾರಿ ಅಡಿಯಿಂದ ಹೊರಗೆ ಬಂದಾಗ ಬಂಪರ್ ಹಿಡಿದುಕೊಂಡು ಒಂದು ನಿಮಿಷ ಹಾಗೇ ನಿಲ್ಲುತ್ತಿದ್ದರು.

ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಬದಲಿಗೆ ನೆನಪಿತ್ತು. ನೂರಾರು ಗಾಡಿಗಳ ಜಾತಕ ಅವರ ತಲೆಯಲ್ಲಿತ್ತು. ಯಾವುದೋ ಲಾರಿ ಎರಡು ವರ್ಷವಾದ ಮೇಲೆ ಬಂದು ನಿಂತರೆ, ಡ್ರೈವರ್ ಇಳಿಯುವ ಮೊದಲೇ, "ಹಿಂದ್ಗಡೆ ಎಡಗಾಲ್ದು ನಾಕ್ನೇ ಬೋಲ್ಟು ಬದಲಾಯಿಸ್ಕ ಅಂದಿದ್ನಲ್ಲ, ಬದಲಾಯ್ಸಿದ್ಯಾ?" ಅಂತ ಕೇಳುತ್ತಿದ್ದರು. ಎಂಜಿನ್ ಬಿಚ್ಚಿ ಇನ್ನೂರು ಸಾಮಾನು ಗೋಣಿ ಮೇಲೆ ಹರಡಿದರೂ ಯಾವುದಕ್ಕೂ ಗುರುತು ಹಾಕುತ್ತಿರಲಿಲ್ಲ. ಲಾರಿಯವರು ಮೈಸೂರು ಬಿಟ್ಟು ಇಲ್ಲಿಗೆ ಬರುತ್ತಿದ್ದದ್ದೇ ಆ ತಲೆಗಾಗಿ.

ನಾನು ಅಲ್ಲಿ ಸೇರಿದಾಗ ಪಿಯುಸಿ ಆಗಿದೆ ಅಂತ ಹೇಳಿಕೊಂಡಿದ್ದೆ. ಆಗಿರಲಿಲ್ಲ. ಎರಡು ಸಲ ಕಟ್ಟಿ ಎರಡು ಸಲವೂ ಫೇಲಾಗಿದ್ದೆ, ಅದೂ ಇಂಗ್ಲಿಷಿನಲ್ಲಿ. ಡಬ್ಬದ ಮೇಲಿನ ಹೆಸರು, ನಂಬರು, ಚಿತ್ರದ ಕೆಳಗಿನ ಒಂದೆರಡು ಪದ ಓದಿ ಹೇಳುವಷ್ಟು ಬರುತ್ತಿತ್ತು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ ಊಟಿ ರಸ್ತೆಯ ಆ ಸಾಲಿನಲ್ಲಿ ನಾನೇ ಇಂಗ್ಲಿಷ್ ಪಂಡಿತ. ಮೇಸ್ತ್ರಿ ಬಂದವರಿಗೆಲ್ಲ ನನ್ನನ್ನು ತೋರಿಸಿ, "ನಮ್ ನಂಜುಂಡ ಓದ್ಕಂಡೋನು ಕಣಪ್ಪ" ಅನ್ನುತ್ತಿದ್ದರು. ನಾನು ತಲೆ ತಗ್ಗಿಸಿ ವಿನಯ ತೋರಿಸುತ್ತಿದ್ದೆ. ಅವರ ಹೆಂಡತಿ ದೇವಕ್ಕ ತೆರಕಣಾಂಬಿಯಿಂದ ಇಬ್ಬರಿಗೂ ಸೇರಿಸಿ ಬುತ್ತಿ ಕಟ್ಟಿ ಕಳಿಸುತ್ತಿದ್ದರು. ಅರಿಸಿನ ಬೇಯಿಸುವ ಕಾಲದಲ್ಲಿ ಆ ಬುತ್ತಿ ಬಟ್ಟೆಯೂ ಹಳದಿ, ವಾಸನೆಯೂ ಅರಿಸಿನದ್ದೇ. ಮೂರು ವರ್ಷ ನಾನು ಅವರ ಅನ್ನ ತಿಂದೆ.

ಸಂಕ್ರಾಂತಿ ಕಳೆದ ವಾರ ಉಣ್ಣಿ ಸಾರ್ ಬಂದರು. ಕೇರಳದ ಗಡಿಯಾಚೆ ಅವರದು ಕಾಫಿ, ಮೆಣಸಿನ ಎಸ್ಟೇಟು. ಮೈಸೂರಿನಲ್ಲಿ ಓದಿದವರು, ಕನ್ನಡ ಚೆನ್ನಾಗಿ ಆಡುತ್ತಿದ್ದರು. ಎಸ್ಟೇಟಿನ ಜೀಪು, ಲಾರಿ ಎಲ್ಲಕ್ಕೂ ಮೇಸ್ತ್ರಿಯೇ ವೈದ್ಯರು. ಅವತ್ತು ಅವರು ಬಂದದ್ದು ಒಂದು ಕೆಂಪು ಕಾರಿನಲ್ಲಿ. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಸಿಂಗಪುರದಲ್ಲಿದ್ದ ಅವರ ತಮ್ಮ ಊರಿಗೆ ಮರಳುವಾಗ ಹಡಗಿನಲ್ಲಿ ಕೊಚ್ಚಿಗೆ ತರಿಸಿದ್ದ ಜಪಾನಿನ ಸ್ಪೋರ್ಟ್ಸ್ ಕಾರಂತೆ. ಕಾರಿನ ಹಿಂದೆ ಜೀಪಿನಲ್ಲಿ ಒಂದು ಮರದ ಪೆಟ್ಟಿಗೆ ಬಂತು. ಅದರೊಳಗೆ ಒಣಹುಲ್ಲಿನಂಥ ಕಾಗದದ ಮಧ್ಯೆ ಎರಡು ಟರ್ಬೊ, ಪೈಪುಗಳು, ನಲವತ್ತೈವತ್ತು ಸಣ್ಣ ಪುಟ್ಟ ಸಾಮಾನು, ಮತ್ತು ಒಂದು ಪುಸ್ತಕ.

ಟರ್ಬೊ ಅಂದರೆ ಆಗ ನಮ್ಮ ರಸ್ತೆಗೆ ಹೊಸದು. ಟರ್ಬೊ ಲಾರಿಗಳು ಆಗಷ್ಟೇ ಬರತೊಡಗಿದ್ದವು, ಅವು ರಿಪೇರಿಗೆ ಕಂಪನಿಯ ವರ್ಕ್‌ಶಾಪಿಗೇ ಹೋಗುತ್ತಿದ್ದವು. ಎಂಜಿನ್ ಸುಟ್ಟು ಹೊರಗೆ ಬಿಡುವ ಹೊಗೆ ಒಂದು ಫ್ಯಾನನ್ನು ತಿರುಗಿಸುತ್ತದೆ. ಅದೇ ಕಂಬಿಯ ಇನ್ನೊಂದು ತುದಿಯ ಫ್ಯಾನು ಹೊರಗಿನ ಗಾಳಿಯನ್ನು ಎಂಜಿನ್ನಿಗೆ ತುರುಕುತ್ತದೆ. ಗಾಳಿ ಹೆಚ್ಚಿದಷ್ಟು ಶಕ್ತಿ ಹೆಚ್ಚುತ್ತದೆ. ಇಷ್ಟನ್ನು ಉಣ್ಣಿ ಸಾರ್ ವಿವರಿಸಿದರು. ಮೇಸ್ತ್ರಿ ಒಂದು ಟರ್ಬೊ ಕೈಗೆತ್ತಿಕೊಂಡು, ಬೆರಳಿನಿಂದ ಫ್ಯಾನು ತಿರುಗಿಸಿ, ಕಿವಿ ಹತ್ತಿರ ಹಿಡಿದರು. "ಶಂಖ ಇದ್ದಂಗದಲ್ಲ ಸಾರ್" ಅಂದರು. ಅವತ್ತಿನಿಂದ ಅವು ನಮಗೆ ಎಡ ಶಂಖ, ಬಲ ಶಂಖ ಆದವು.

"ಇವನ್ನ ಈ ಕಾರಿಗೆ ಕೂರಿಸೋಕೆ ಕೊಯಮತ್ತೂರಿಗೆ ಕೊಡಬಹುದಿತ್ತು ಮೇಸ್ತ್ರಿ. ಅಲ್ಲಿ ಮೂರು ತಿಂಗಳು ಕಾಯಬೇಕು ಅಂದ್ರು. ಅದೂ ಅಲ್ಲದೆ ನನಗೆ ನಿಮ್ಮ ಕೈ ಮೇಲೆ ನಂಬಿಕೆ" ಅಂದರು ಉಣ್ಣಿ ಸಾರ್. ಆಮೇಲೆ ಇನ್ನೊಂದು ಮಾತು ಹೇಳಿದರು. ಎಸ್ಟೇಟಿನಲ್ಲೇ ಒಂದು ವರ್ಕ್‌ಶಾಪ್ ಕಟ್ಟಿಸುತ್ತಿದ್ದಾರೆ, ನಿಂತು ಕೆಲಸ ಮಾಡುವ ಹಾಗೆ ಗುಂಡಿ, ಮೇಲೆ ಶೆಡ್ಡು, ಪಕ್ಕದಲ್ಲಿ ಕ್ವಾರ್ಟರ್ಸು. "ಇದೊಂದು ಸರಿಯಾಗಿ ಆಗಲಿ. ನೀವೇ ಬಂದು ಅದರ ಯಜಮಾನಿಕೆ ಮಾಡಿ." ಆ ಸಂಜೆ ಮೇಸ್ತ್ರಿ ಬೀಡಿ ಸೇದುತ್ತಾ, "ನಿಂತ್ಕಂಡು ಕೆಲ್ಸ ಮಾಡದು ಹೆಂಗಿದ್ದದೋ ನೋಡುಮ ಕಣ್ಲಾ" ಅಂದರು. ಅವರು ಅಷ್ಟು ಆಸೆ ಪಟ್ಟದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಕೆಲಸ ಆರು ವಾರ ಹಿಡಿಯಿತು. ಬೆಳಿಗ್ಗೆ ಹಂಗಳದ ಕಡೆಯಿಂದ ಬರುವ ಮಂಜು ಒಂಬತ್ತರ ತನಕ ರಸ್ತೆ ಬಿಡುತ್ತಿರಲಿಲ್ಲ. ಸ್ಪ್ಯಾನರ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಮಧ್ಯಾಹ್ನ ಅದೇ ಸ್ಪ್ಯಾನರ್ ಬಿಸಿಲಿಗೆ ಕಾದು ಹಿಡಿಯಲಾಗುತ್ತಿರಲಿಲ್ಲ. ನಾನು ಹುಣಸೆಮರದ ಕೆಳಗೆ ಟೈರಿನ ಮೇಲೆ ಕೂತು ಪುಸ್ತಕ ಓದಬೇಕು, ಮೇಸ್ತ್ರಿ ಕೇಳಿಸಿಕೊಂಡು ಮಾಡಬೇಕು. ಒಂದೊಂದು ಹಾಳೆ ಆದ ಮೇಲೂ, "ಊ, ಮುಂದಕ್ಕೆ?" ಅನ್ನುತ್ತಿದ್ದರು. ನಾನು ಓದುತ್ತಿದ್ದದ್ದು ಚಿತ್ರಗಳನ್ನು. ಪೈಪು ಎಲ್ಲಿಂದ ಎಲ್ಲಿಗೆ, ಬೋಲ್ಟಿನ ನಂಬರ್ ಎಷ್ಟು, ಯಾವುದರ ಮೇಲೆ ಯಾವುದು, ಎಲ್ಲ ಚಿತ್ರದಲ್ಲಿತ್ತು. ಚಿತ್ರದ ಪಕ್ಕದ ಸಾಲುಗಳನ್ನು ತುಟಿ ಅಲ್ಲಾಡಿಸಿ, ಬೆರಳಿಟ್ಟು, ಹುಬ್ಬು ಗಂಟಿಕ್ಕಿ ನೋಡಿ, ಆಮೇಲೆ ಚಿತ್ರದಲ್ಲಿ ಕಂಡದ್ದನ್ನೇ ಹೇಳುತ್ತಿದ್ದೆ. ಮೇಸ್ತ್ರಿಯ ಕೈಗೆ ಅಷ್ಟು ಸಾಕಿತ್ತು. ಆಯಿಲ್ ಹಿಂದಕ್ಕೆ ಹರಿಯುವ ಪೈಪನ್ನು ಅವರು ನನಗಿಂತ ಮುಂಚೆಯೇ ಇಳಿಜಾರಾಗಿ ಇಟ್ಟಿದ್ದರು. "ನೀರು ಮೇಲಕ್ಕತ್ತದಾ?" ಅಂದರು. ಪುಸ್ತಕದ ಚಿತ್ರದಲ್ಲೂ ಹಾಗೇ ಇತ್ತು.

ಕೊನೆಯ ಎರಡು ಹಾಳೆಯಲ್ಲಿ ಒಂದೇ ಒಂದು ಚಿತ್ರವಿರಲಿಲ್ಲ. ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ, ಎರಡು ಕಡೆಯೂ. ನಾನು ನೋಡಿದೆ. ಮೊದಲ ಸಾಲಿನಲ್ಲಿ ಐದು ಪದ ಗೊತ್ತಿತ್ತು, ಎರಡನೆಯದರಲ್ಲಿ ಮೂರು. ಮೇಸ್ತ್ರಿ ಕಾರಿನ ಮುಂದಿನಿಂದ ತಲೆ ಎತ್ತಿ, "ಇನ್ನೂ ಎಲ್ಡಾಳೆ ಅದಲ್ಲ, ಅದೇನ್ಲಾ?" ಅಂದರು.

"ಏನಿಲ್ಲ ಮೇಸ್ತ್ರಿ. ಗ್ಯಾರಂಟಿ ವಿಚಾರ. ಕಂಪ್ನಿಯೋರ ಅಡ್ರೆಸ್ಸು" ಅಂದೆ.

"ಪೂರ್ತಾ ನೋಡಿದ್ಯಾ?"

"ನೋಡ್ದೆ."

ಪೋಸ್ಟಾಫೀಸಿನಲ್ಲೋ ಶಾಲೆಯಲ್ಲೋ ಯಾರನ್ನಾದರೂ ಕೇಳಿ ಓದಿಸಬಹುದಿತ್ತು, ನಡೆದರೆ ಹತ್ತು ನಿಮಿಷದ ದಾರಿ. ಹೋಗಿದ್ದರೆ, ಓದಿಕೊಂಡವನು ಇನ್ನೊಬ್ಬರ ಹತ್ತಿರ ಓದಿಸಿಕೊಂಡು ಬಂದ ಅಂತ ಊಟಿ ರಸ್ತೆಗೆಲ್ಲ ಗೊತ್ತಾಗುತ್ತಿತ್ತು. ಪುಸ್ತಕ ಮುಚ್ಚಿ, ಎಣ್ಣೆಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕಿದೆ.

ಎಂಜಿನ್ ಸ್ಟಾರ್ಟ್ ಆದ ದಿನ ಆಚೀಚೆ ಗ್ಯಾರೇಜಿನವರೆಲ್ಲ ಬಂದು ನಿಂತಿದ್ದರು. ಮೇಸ್ತ್ರಿ ಆಕ್ಸಿಲರೇಟರ್ ಒತ್ತಿದಾಗ ಎರಡು ಶಂಖವೂ ಸೇರಿ ಉಸಿರೆಳೆದ ಸದ್ದಿಗೆ ಜನ ಒಂದು ಹೆಜ್ಜೆ ಹಿಂದೆ ಸರಿದರು. ಮೇಸ್ತ್ರಿ ನಗಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದರು.

ಎಂಜಿನ್ ಬಿಚ್ಚಿ ಕಟ್ಟಿದ ಯಾವ ಗಾಡಿಯನ್ನೂ ನಮ್ಮ ಗ್ಯಾರೇಜಿನಲ್ಲಿ ಹಾಗೇ ಕೊಡುವ ಪದ್ಧತಿ ಇರಲಿಲ್ಲ. ಹಂಗಳದಲ್ಲಿ ತಿರುಗಿ ಗೋಪಾಲಸ್ವಾಮಿ ಬೆಟ್ಟ ಹತ್ತಿಸಬೇಕು. ದೇವರ ದರ್ಶನವೂ ಆಯಿತು, ಎಂಜಿನ್ನಿನ ಪರೀಕ್ಷೆಯೂ ಆಯಿತು. ಅಷ್ಟು ಕಡಿದಾದ ಏರು ಸುತ್ತಮುತ್ತ ಇನ್ನೊಂದಿಲ್ಲ. ಮೇಲೆ ಹೋದ ತಕ್ಷಣ ಎಂಜಿನ್ ಆಫ್ ಮಾಡಿ, ಬಾನೆಟ್ ಮುಂದೆ ಕರ್ಪೂರ ಹಚ್ಚಿ, ಕೈಮುಗಿಯಬೇಕು. ದೇವರ ಎದುರು ಗಾಡಿ ಗುರುಗುಟ್ಟಬಾರದು ಅನ್ನುವುದು ಮೇಸ್ತ್ರಿಯ ಶಾಸ್ತ್ರ. ಇದರ ಜೊತೆಗೆ ಅವರದು ಇನ್ನೊಂದು ನೇಮವಿತ್ತು. ಗಿರಾಕಿಯ ಪೆಟ್ರೋಲು ಗಿರಾಕಿಯದು. ಗಾಡಿ ನಿಂತ ಮೇಲೆ ಒಂದು ಚಮಚ ಪೆಟ್ರೋಲೂ ದಂಡವಾಗಬಾರದು. ಹಂಗಳದ ಟೀ ಅಂಗಡಿ ಮುಂದೆ ನಿಂತರೆ ಚಕ್ರಕ್ಕಿಂತ ಮೊದಲು ಎಂಜಿನ್ ನಿಂತಿರುತ್ತಿತ್ತು. ಹಂಗಳದಿಂದ ಗುಂಡ್ಲುಪೇಟೆ ಕಡೆ ಇಳಿಜಾರು ಸಿಕ್ಕಲ್ಲೆಲ್ಲ ಕೀ ತಿರುಗಿಸಿ, ನ್ಯೂಟ್ರಲ್ ಮಾಡಿ, ಸುಮ್ಮನೆ ಉರುಳಿಸಿಕೊಂಡು ಬರುತ್ತಿದ್ದರು. ಬೇರೆಯವರ ಗಾಡಿಯಲ್ಲಿ ಮಜಾ ಮಾಡುವ ಮೆಕ್ಯಾನಿಕ್‌ಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಒಂಬತ್ತು ದಿನ, ದಿನಕ್ಕೊಂದು ಸಲ ಬೆಟ್ಟ ಹತ್ತಿಸಿದೆವು. ಆ ವರ್ಷ ಕಾಡು ಬೇಗ ಒಣಗಿತ್ತು. ರಸ್ತೆಯ ಎರಡೂ ಬದಿ ಎಲೆ ಉದುರಿದ ಮರ, ಅಲ್ಲಲ್ಲಿ ಕಾಡ್ಗಿಚ್ಚು ಹಬ್ಬದಂತೆ ಫಾರೆಸ್ಟಿನವರು ಬೆಂಕಿರೇಖೆ ಸುಟ್ಟ ಕಪ್ಪು. ಮೇಲೆ ಹೋದರೆ ಮಾತ್ರ ತಣ್ಣನೆ ಗಾಳಿ. ಮೇಸ್ತ್ರಿ ಗೇರ್ ಇಳಿಸಿ ಏರಿಸಿ, ಎಂಜಿನ್ನನ್ನು ಹೂಂಕರಿಸಿ ಹತ್ತಿಸುತ್ತಿದ್ದರು. ಮೇಲೆ ತಲುಪಿ ಕೀ ತಿರುಗಿಸಿದಾಗ ಬಾನೆಟ್ಟಿನಿಂದ ಟಿಕ್ ಟಿಕ್ ಅಂತ ಲೋಹ ಆರುವ ಸದ್ದು. ಒಂದು ದಿನ ಬಗ್ಗಿ ನೋಡಿದೆ, ಎರಡು ಶಂಖವೂ ಕುಲುಮೆಯ ಕಬ್ಬಿಣದ ಹಾಗೆ ಕೆಂಪಗಿದ್ದವು. ಚೆಂದ ಅನ್ನಿಸಿತ್ತು.

ಆರನೇ ದಿನ ಇಳಿದು ಬರುವಾಗ ಮೇಸ್ತ್ರಿ ರಸ್ತೆ ಬದಿಗೆ ನಿಲ್ಲಿಸಿದರು.

"ಬಲ ಶಂಖದ ಸಿಳ್ಳೆ ಬ್ಯಾರೆ ಆಗದ ಕಣ್ಲಾ. ಮೊದ್ಲು ಹಿಂಗಿರ್ನಿಲ್ಲ."

ನನಗೆ ಏನೂ ಕೇಳಿಸಿರಲಿಲ್ಲ. ಗ್ಯಾರೇಜಿಗೆ ಬಂದ ಮೇಲೆ, "ಆ ಪುಸ್ತಕ ಬಿಚ್ಚು. ಸಿಳ್ಳೆ ಇಸ್ಯ ಏನಾರ ಬರ್ದಿದ್ದಾನಾ ನೋಡು" ಅಂದರು. ಬಿಚ್ಚಿದೆ. ಎದುರಿಗೇ ಕೂತಿದ್ದರು. ಕೊನೆಯ ಹಾಳೆ ತೆರೆದು, ಅಕ್ಷರದ ಮೇಲೆ ಬೆರಳು ಓಡಿಸಿ, "ಹೊಸದ್ರಲ್ಲಿ ಹಂಗೆ ಇದ್ದದಂತೆ ಮೇಸ್ತ್ರಿ. ಓಡ್ತಾ ಓಡ್ತಾ ಸರಿ ಹೋಯ್ತದೆ ಅಂತ ಬರ್ದವ್ನೆ" ಅಂದೆ.

"ಹಂಗಂತ ಬರ್ದವ್ನಾ?"

"ಹೂಂ."

"ಸರಿ ಬುಡು. ಬರ್ದೋನ್ಗಿಂತ ನಂಗೊತ್ತದಾ" ಅಂದರು. ತಮ್ಮ ಕಿವಿಯನ್ನು ಬಿಟ್ಟು ನನ್ನ ಬೆರಳನ್ನು ನಂಬಿದರು. ಮೊದಲನೆಯ ಸುಳ್ಳನ್ನು ಹೆದರಿಕೆ ಅನ್ನಬಹುದೇನೋ. ಇದಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ.

ಯುಗಾದಿಗೆ ಹತ್ತು ದಿನವಿರುವಾಗ ಉಣ್ಣಿ ಸಾರ್ ತಮ್ಮ ತಾಯಿಯನ್ನು ಮೈಸೂರಿನ ಆಸ್ಪತ್ರೆಗೆ ತೋರಿಸಿಕೊಂಡು ವಾಪಸು ಬರುತ್ತಿದ್ದರು. ಬಾಡಿಗೆ ಕಾರನ್ನು ಗುಂಡ್ಲುಪೇಟೆಯಲ್ಲೇ ಬಿಟ್ಟು, ನಮ್ಮಲ್ಲಿ ಸಿದ್ಧವಾಗಿ ನಿಂತಿದ್ದ ಕೆಂಪು ಕಾರಿನಲ್ಲಿ ತಾಯಿಯನ್ನು ಕೂರಿಸಿಕೊಂಡರು. ಆ ಮುದುಕಿ ಒಳಗೆ ಹತ್ತಲಾಗದೆ ನಗುತ್ತಿದ್ದರು. ಮೇಸ್ತ್ರಿ ಒಂದು ನಿಂಬೆಹಣ್ಣು ಚಕ್ರದ ಕೆಳಗಿಟ್ಟು ಕಳಿಸಿಕೊಟ್ಟರು. ಮಧ್ಯಾಹ್ನ ಮೂರು ಗಂಟೆಯಾಗಿತ್ತು. ನಾಲ್ಕೂವರೆಗೆ ಕೇರಳದಲ್ಲಿ ತರಕಾರಿ ಇಳಿಸಿ ಬಂದ ಲಾರಿಯವನೊಬ್ಬ ನಿಲ್ಲಿಸಿ ಕೂಗಿದ: "ಮೇಸ್ತ್ರಿ, ನಿಮ್ ಕೆಂಪು ಕಾರು ಕೇರಳದ ದಾರೀಲಿ ಮದ್ದೂರು ಕಾಡಲ್ಲಿ ನಿಂತದ. ಒಗೆ ನೋಡಿದ್ರೆ ಕಾಡ್ಗೆ ಬೆಂಕಿ ಬಿದ್ದಂಗದ."

ಪಕ್ಕದ ಗ್ಯಾರೇಜಿನವರ ಜೀಪಿನಲ್ಲಿ ಹೋದೆವು. ಕಾರಿನ ಹಿಂದೆ ರಸ್ತೆಯುದ್ದ ಆಯಿಲ್ ಚೆಲ್ಲಿತ್ತು. ಬಲ ಶಂಖದ ಬೇರಿಂಗ್ ಕಚ್ಚಿಕೊಂಡು, ಫ್ಯಾನು ಮುರಿದು, ಚೂರುಗಳು ಎಂಜಿನ್ನಿನೊಳಕ್ಕೆ ಹೋಗಿದ್ದವು. ಎಂಜಿನ್ ಕೈಯಲ್ಲಿ ತಿರುಗಿಸಿದರೂ ತಿರುಗಲಿಲ್ಲ. ಐವತ್ತು ಗಜ ಆಚೆ ಆನೆಗಳು ರಸ್ತೆ ದಾಟಿದ್ದವಂತೆ, ಲದ್ದಿ ಇನ್ನೂ ಹಸಿಯಾಗಿತ್ತು. ಉಣ್ಣಿ ಸಾರ್ ಕಾರಿನ ಗಾಜು ಏರಿಸಿ ತಾಯಿಯ ಕೈ ಹಿಡಿದುಕೊಂಡು ಒಳಗೇ ಕೂತಿದ್ದರು. ಆ ತಾಯಿ ಆಗ ನಗುತ್ತಿರಲಿಲ್ಲ. ಮೇಸ್ತ್ರಿ ಬಗ್ಗಿ ಅವರ ಕಾಲು ಮುಟ್ಟಿ, "ತಪ್ಪಾಯ್ತು ತಾಯಿ" ಅಂದರು.

ಮರುದಿನ ಬೆಳಿಗ್ಗೆ ಉಣ್ಣಿ ಸಾರ್ ಗ್ಯಾರೇಜಿಗೆ ಬಂದರು. ಬೈಯಲಿಲ್ಲ. ಬಿಚ್ಚಿಟ್ಟ ಶಂಖ ನೋಡಿದರು. ಬೇರಿಂಗಿನ ಜಾಗದಲ್ಲಿ ಆಯಿಲ್ ಸುಟ್ಟು ಇದ್ದಿಲಾಗಿತ್ತು. ಪುಸ್ತಕ ಕೇಳಿ ತೆಗೆದುಕೊಂಡರು. ನಾನು ದಿನಾ ಕೂರುತ್ತಿದ್ದ ಟೈರಿನ ಮೇಲೆ ಕೂತು ಮೊದಲ ಹಾಳೆಯಿಂದ ಓದತೊಡಗಿದರು. ಅಷ್ಟು ನಿಧಾನವಾಗಿ ಹಾಳೆ ತಿರುವುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ಕೊನೆಗೆ ಬಂದರು. ಅಲ್ಲಿ ನಿಂತರು.

"ಇಲ್ಲಿ ಬರೆದಿದ್ದಾರಲ್ಲ. ಜೋರಾಗಿ ಓಡಿಸಿದ ಮೇಲೆ ಎಂಜಿನ್ ತಕ್ಷಣ ಆಫ್ ಮಾಡಬಾರದು. ಎರಡು ಮೂರು ನಿಮಿಷ ಸುಮ್ಮನೆ ಓಡೋಕೆ ಬಿಡಬೇಕು. ಇಲ್ಲದಿದ್ದರೆ ಆಯಿಲ್ ಹರಿಯೋದು ನಿಂತು ಒಳಗೇ ಸುಟ್ಟುಹೋಗುತ್ತೆ." ತಲೆ ಎತ್ತಿದರು. "ಟೆಸ್ಟ್ ಮಾಡುವಾಗ ಆಫ್ ಮಾಡುತ್ತಿದ್ದಿರಾ?"

"ತಕ್ಸಣ ಮಾಡ್ತಿದ್ದೆ ಸಾರ್" ಅಂದರು ಮೇಸ್ತ್ರಿ. "ಪೆಟ್ರೋಲು ದಂಡ ಆಗ್ಬಾರ್ದು ಅಂತ."

"ಪುಸ್ತಕ ಓದಿದ್ದು ಯಾರು?"

ಮೇಸ್ತ್ರಿ ನನ್ನ ಕಡೆ ನೋಡಿದರು. ಸಿಟ್ಟಿನ ನೋಟ ಅಲ್ಲ. ಏನೋ ಕೇಳುವವರ ಹಾಗೆ ನೋಡಿದರು. ನಾನು ಉಣ್ಣಿ ಸಾರ್ ಕಡೆ ತಿರುಗಿ, "ನಾನೇ ಸಾರ್. ಅದನ್ನ ಓದಿ ಹೇಳಿದ್ದೆ ಮೇಸ್ತ್ರಿಗೆ" ಅಂದೆ.

ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು ಅಂದರೆ ನನಗೇ ಆಶ್ಚರ್ಯ. ಮೇಸ್ತ್ರಿ ನನ್ನನ್ನು ನೋಡುತ್ತಲೇ ಇದ್ದರು. ಆಮೇಲೆ ಕೈಯೊರೆಸುವ ಬಟ್ಟೆಯಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಳ್ಳುತ್ತಾ, "ಹೇಳಿರ್ಬೇಕು ಸಾರ್. ನಾನೇ ಮರ್ತ್ಬುಟ್ಟೆ" ಅಂದರು.

ಅವರು ನನ್ನನ್ನು ಉಳಿಸಲು ತಪ್ಪನ್ನು ಮೈಮೇಲೆ ಹಾಕಿಕೊಂಡರು ಅಂತ ನಾನು ಆ ಕ್ಷಣದಲ್ಲಿ ತಿಳಿದೆ. ಹನ್ನೊಂದು ವರ್ಷ ಹಾಗೇ ತಿಳಿದಿದ್ದೆ. ನಾಚಿಕೆ ಇತ್ತು, ಆದರೆ ಆ ನಾಚಿಕೆಗೆ ಒರಗಿಕೊಳ್ಳಲು ಅವರ ದೊಡ್ಡತನವೂ ಇತ್ತು.

ಯುಗಾದಿ ಕಳೆದ ವಾರ ಎಸ್ಟೇಟಿನಿಂದ ನನಗೆ ಕರೆ ಬಂತು. ಉಣ್ಣಿ ಸಾರ್ ನೇರವಾಗಿಯೇ ಹೇಳಿದರು, ಇನ್ನು ಮೇಲೆ ಬರುವ ಗಾಡಿಗಳು ಕೈಚಳಕದಲ್ಲಿ ಮಾತ್ರ ನಡೆಯುವುದಿಲ್ಲ, ಓದಿ ಮಾಡುವವರು ಬೇಕು, ವರ್ಕ್‌ಶಾಪ್ ನೀನು ನೋಡಿಕೋ. ಬೇಡ ಅನ್ನಲು ನನಗೆ ಬಾಯಿತ್ತು. ಮೇಸ್ತ್ರಿಗೆ ಹೇಳಿದಾಗ ಅವರು ಲಾರಿಯ ಕೆಳಗಿದ್ದರು, ಕಾಲು ಮಾತ್ರ ಕಾಣುತ್ತಿತ್ತು. "ಓಗು. ಒಳ್ಳೇದಾಗ್ಲಿ. ನಿಂತ್ಕಂಡು ಕೆಲ್ಸ ಮಾಡು" ಅಂದರು. ಹೊರಗೆ ಬರಲಿಲ್ಲ. ನಾನೂ ಕಾಯಲಿಲ್ಲ.

ಎಸ್ಟೇಟಿಗೆ ಹೋದ ಮೊದಲ ವರ್ಷವೇ ಅಲ್ಲಿನ ಶಾಲೆಯ ಮೇಷ್ಟರ ಹತ್ತಿರ ಗುಟ್ಟಾಗಿ ಇಂಗ್ಲಿಷ್ ಕಲಿತೆ. ಕೊಟ್ಟಿಗೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ. ಆದರೂ ಕಲಿತೆ, ಕೆಲಸ ಉಳಿಯಿತು. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸುವಾಗ ಊಟಿ ರಸ್ತೆಯ ಕಡೆಗೆ ಮುಖ ಹಾಕುತ್ತಿರಲಿಲ್ಲ. ಮೇಸ್ತ್ರಿ ಎಂಜಿನ್ ಕೆಲಸ ಬಿಟ್ಟರು, ಈಗ ಬರೀ ಪಂಕ್ಚರ್, ಗ್ರೀಸಿಂಗ್ ಅಂತ ಡ್ರೈವರ್‌ಗಳು ಹೇಳಿದರು. ಹೆಸರು ಕೆಟ್ಟು ಗಿರಾಕಿ ತಪ್ಪಿರಬೇಕು ಅಂದುಕೊಂಡೆ. ಆಮೇಲೆ ಗ್ಯಾರೇಜೇ ಮುಚ್ಚಿತು ಅಂತ ಕೇಳಿದೆ.

ಕೊನೆಗೆ ಮನಸ್ಸು ತಡೆಯದೆ ಎರಡು ಸಾವಿರದ ಎಂಟರಲ್ಲಿ ತೆರಕಣಾಂಬಿಯ ಅವರ ಮನೆಗೆ ಹೋದೆ. ಅಂಗಳದಲ್ಲಿ ಬೇಯಿಸಿದ ಅರಿಸಿನ ಒಣಗಲು ಹರಡಿತ್ತು. ಮೇಸ್ತ್ರಿ ಜಗುಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿದ್ದನ್ನು ನೋಡಲು ಕಷ್ಟವಾಯಿತು. "ನಂಜುಂಡ ಬಂದವ್ನ ನೋಡಮ್ಮಿ" ಅಂತ ದೇವಕ್ಕನನ್ನು ಕೂಗಿದರು. ಮಾತಾಡುತ್ತಾ ಇದ್ದವರು ನಡುವೆ ನಿಲ್ಲಿಸಿ, "ಹಿತ್ಲ ಬಾಗ್ಲು ಆಕಿದ್ನಾ ನಾನು?" ಅಂತ ಕೇಳಿದರು. ಹಾಕಿದ್ದೀರಿ ಅಂದರು ದೇವಕ್ಕ. ಐದು ನಿಮಿಷಕ್ಕೆ ಮತ್ತೆ ಕೇಳಿದರು. ಆಮೇಲೆ ತಾವೇ ಎದ್ದು ನೋಡಿಕೊಂಡು ಬರಲು ಒಳಗೆ ಹೋದರು.

"ಕಾಯಿಲೆಯಾ ದೇವಕ್ಕ?" ಅಂದೆ.

"ಕಾಯ್ಲೆ ಅಲ್ಲ ಕಣಪ್ಪ. ಡಾಕ್ಟ್ರು ಏನೂ ಇಲ್ಲ ಅಂದ್ರು. ಆ ಕಾರು ಸುಟ್ಟೋದ ಮ್ಯಾಕೆ ಹಿಂಗೆ. ನೀನು ಯೋಳಿದ್ದು ಮರ್ತೋಯ್ತಂತಲ್ಲ, ಅವತ್ತಿಂದ ಅವ್ರ ತಲೆ ಮ್ಯಾಲೆ ಅವ್ರಿಗೇ ನಂಬ್ಕೆ ಓಯ್ತು. ಒಂದು ನಟ್ಟು ಬಿಗಿದ್ರೆ ನಾಕು ದಪ ನೋಡೋರು. ಕಟ್ಟಿದ ಇಂಜಿನ್ನ ಮತ್ತೆ ಬಿಚ್ಚೋರು, ಏನ್ ಬಿಟ್ನೋ ಅಂತ. ಗಿರಾಕಿಗಳು ಎಷ್ಟು ದಿನ ಕಾಯ್ತಾರೆ?"

ಮೇಸ್ತ್ರಿ ನನ್ನನ್ನು ಉಳಿಸಿರಲಿಲ್ಲ. ನಂಬಿದ್ದರು. ನಾನು ಹೇಳಿದ್ದೆ ಅಂದ ಮೇಲೆ ಹೇಳಿಯೇ ಇರಬೇಕು, ಹಾಗಾದರೆ ತಮ್ಮ ನೆನಪೇ ಕೆಟ್ಟಿದೆ ಅಂತ ಆ ಬೆಳಿಗ್ಗೆ, ಬೆರಳು ಒರೆಸಿಕೊಳ್ಳುತ್ತಾ, ತೀರ್ಮಾನಿಸಿದ್ದರು.

ಅವರು ಬಂದು ಕೂತ ಮೇಲೆ ಎಲ್ಲ ಹೇಳಿದೆ. "ಮೇಸ್ತ್ರಿ, ಆ ಕೊನೆ ಹಾಳೆ ನಾನು ಓದೇ ಇರಲಿಲ್ಲ. ನಿಮಗೆ ಹೇಳಿರಲಿಲ್ಲ. ಸುಳ್ಳು ಹೇಳಿದೆ. ನೀವು ಏನನ್ನೂ ಮರೆತಿಲ್ಲ."

ಮೇಸ್ತ್ರಿ ನಕ್ಕರು. "ಯಾಕ್ಲಾ ಓದಿರ್ನಿಲ್ಲ?"

"ನನಗೆ ಇಂಗ್ಲಿಷ್ ಬರ್ತಿರಲಿಲ್ಲ ಮೇಸ್ತ್ರಿ. ಅದರಲ್ಲೇ ಫೇಲಾಗಿದ್ದೆ."

"ಇಂಗ್ಲೀಸು ಬರ್ದೇ ಇರೋನ್ನ ಎಸ್ಟೇಟ್ನೋರು ಹನ್ನೊಂದು ವರ್ಸ ವರ್ಕ್‌ಶಾಪಲ್ಲಿ ಮಡಿಕಂಡವ್ರಾ? ಆ ಉಣ್ಣಿ ಸಾರು ಪೆದ್ದರಾ?" ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. "ನನ್ ಸಮಾದಾನಕ್ಕೆ ಸುಳ್ಳು ಯೋಳ್ಬ್ಯಾಡ ಕಣ್ಲಾ. ನೀನು ಓದಿ ಯೋಳಿದ್ದೆ. ಮೊದ್ಲು ಮರ್ತಿದ್ದೆ, ಆಮ್ಯಾಕೆ ಯೋಚ್ನೆ ಮಾಡ್ತಾ ಮಾಡ್ತಾ ಗ್ಯಾಪ್ಕ ಬಂತು. ಅವತ್ತು ಮದ್ಯಾನ, ನಾನು ಬಾಯಲ್ಲಿ ಎರಡು ನಟ್ಟು ಕಚ್ಕಂಡಿದ್ದೆ. ನೀನು ಯೋಳ್ದೆ. ನಾನು ಊ ಅಂದೆ. ಕಣ್ಗೆ ಕಟ್ದಂಗದ."

ನಾನು ಮತ್ತೆ ಮೊದಲಿನಿಂದ ಹೇಳಲು ಹೋದೆ. ಅವರು ಕೈ ಎತ್ತಿ ತಡೆದು, ಹೆಂಡತಿಯ ಕಡೆ ತಿರುಗಿದರು.

"ನೋಡಮ್ಮಿ. ಇಷ್ಟು ವರ್ಸ ಆದ್ರೂವೆ ನನ್ ತಪ್ಪ ತನ್ ಮ್ಯಾಲೆ ಆಕ್ಕಳಕ್ಕೆ ಬಂದವ್ನ. ಇಂತೋರು ಎಲ್ಲವ್ರೆ ಈಗ. ಇವ್ನಿಗೊಂದು ಲೋಟ ಕಾಪಿ ಕೊಡು."

ದೇವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಕಾಫಿ ತಂದರು. ಮೇಸ್ತ್ರಿ ಅದನ್ನು ತಾವೇ ತೆಗೆದುಕೊಂಡು, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ತೆಗೆದುಕೊಂಡು ಕುಡಿದೆ.